ಕ್ರೀಡಾ ವೆಬ್‌ಸೈಟ್‌ಗೆ ಡೊಮೈನ್ ಹೆಸರು: ಮೊದಲು ನೋಂದಾಯಿಸಿದರೆ ಅದು ನಿಮ್ಮದೇ ಆಗುತ್ತದೆಯೇ? ಇಲ್ಲಿದೆ ಮಾಹಿತಿ

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಗುಜರಾತ್‌ನ ಅಹಮದಾಬಾದ್ ಪಾಲಾಗಿದೆ. 2025ರ ನವೆಂಬರ್ 26ರಂದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ನಡೆದ ಸಭೆ ಇದಕ್ಕೆ ಒಪ್ಪಿಗೆ ನೀಡಿತು. 2036ರ ಒಲಿಂಪಿಕ್ಸ್ ಮೇಲೂ ಈ ನಗರ ಕಣ್ಣಿಟ್ಟಿದೆ. ಇದಕ್ಕೂ ಮೊದಲು, 2022ರ ರಾಷ್ಟ್ರೀಯ ಕ್ರೀಡಾಕೂಟ ಅಹಮದಾಬಾದ್‌ನಲ್ಲಿ ಆರಂಭವಾಗಿ ಸೂರತ್‌ನಲ್ಲಿ ತೆರೆ ಕಂಡಿತ್ತು. ವಡೋದರದಲ್ಲೂ ಸ್ಪರ್ಧೆಗಳು ನಡೆದಿದ್ದವು.

ಕ್ರೀಡೆ ಬೆಳೆದಂತೆ ತರಬೇತಿ ಕೇಂದ್ರಗಳು, ಕ್ರೀಡಾ ಸಾಮಗ್ರಿ ಮಳಿಗೆಗಳು, ಸ್ಥಳೀಯ ಕ್ಲಬ್‌ಗಳು ವೆಬ್‌ಸೈಟ್ ತೆರೆಯಲು ಮುಂದಾಗುವುದು ಸಹಜ. ಅದಕ್ಕೆ ಮೊದಲು ಬೇಕಾದದ್ದು ಡೊಮೈನ್ ಹೆಸರು, ಅಂದರೆ ಅಂತರ್ಜಾಲದ ವಿಳಾಸ. ಇದನ್ನು ಪಡೆಯಲು ಕೆಲವೇ ನಿಮಿಷ ಸಾಕು. ಆದರೆ ತಪ್ಪು ಹೆಸರು ಆರಿಸಿಕೊಂಡರೆ ಕಟ್ಟಿದ ಹಣ, ಗಳಿಸಿದ ಗ್ರಾಹಕರು ಎರಡೂ ಕೈತಪ್ಪಬಹುದು.

ಯಾರು ಕೊಡುತ್ತಾರೆ?

ಡೊಮೈನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಐಕಾನ್ ಸಂಸ್ಥೆ. ಭಾರತದ 'ಡಾಟ್ ಇನ್' ವಿಳಾಸಗಳ ಹೊಣೆ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ್ದು. ಜನರು ಮಾನ್ಯತೆ ಪಡೆದ ರಿಜಿಸ್ಟ್ರಾರ್ ಕಂಪನಿಗಳ ಮೂಲಕ ಹೆಸರು ಪಡೆಯಬೇಕು. ಡೊಮೈನ್ ಶಾಶ್ವತವಾಗಿ ಖರೀದಿಯಾಗುವುದಿಲ್ಲ. ಸಾಮಾನ್ಯವಾಗಿ 1ರಿಂದ 10 ವರ್ಷಗಳ ಅವಧಿಗೆ ಶುಲ್ಕ ಕಟ್ಟಿ, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು.

'ಡಾಟ್ ಕಾಮ್', 'ಡಾಟ್ ಇನ್' ಅಲ್ಲದೆ 'ಡಾಟ್ ಕ್ರಿಕೆಟ್', 'ಡಾಟ್ ಫುಟ್‌ಬಾಲ್'ನಂತಹ ಕ್ರೀಡಾ ವಿಸ್ತರಣೆಗಳೂ ಇವೆ. ಕನ್ನಡ, ಗುಜರಾತಿ ಲಿಪಿಗಳಲ್ಲಿ 'ಡಾಟ್ ಭಾರತ' ವಿಳಾಸವನ್ನೂ ಪಡೆಯಬಹುದು. ಮೊದಲ ವರ್ಷ ಕಡಿಮೆ ದರ ತೋರಿಸಿ, ನವೀಕರಣಕ್ಕೆ ಹೆಚ್ಚು ಕೇಳುವುದುಂಟು. ಹಾಗಾಗಿ ಎರಡನೇ ವರ್ಷದ ದರವನ್ನೂ ಮೊದಲೇ ನೋಡಿಕೊಳ್ಳಿ.

ಮೊದಲು ಬಂದವರಿಗೆ ಆದ್ಯತೆ, ಆದರೆ...

ಖಾಲಿ ಇರುವ ಹೆಸರನ್ನು ಮೊದಲು ಕೇಳಿದವರಿಗೆ ಕೊಡುವುದು ಡೊಮೈನ್ ನಿಯಮ. ರಿಜಿಸ್ಟ್ರಾರ್ ಆ ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಹೌದೇ ಎಂದು ಪರಿಶೀಲಿಸಿ ಕೊಡುವುದಿಲ್ಲ. ತೊಡಕು ಶುರುವಾಗುವುದೇ ಇಲ್ಲಿ. ಉದಾಹರಣೆಗೆ, 'ಗುಜರಾತ್ ಟೈಟಾನ್ಸ್' ಎಂಬ ಐಪಿಎಲ್ ತಂಡದ ಹೆಸರಿಗೆ 'ಟಿಕೆಟ್' ಎಂದು ಸೇರಿಸಿದ ವಿಳಾಸ ಖಾಲಿ ಇದ್ದರೂ ಅದನ್ನು ಬಳಸುವ ಹಕ್ಕು ನಿಮಗೆ ಬರುವುದಿಲ್ಲ.

ಈ ವಿಚಾರದಲ್ಲಿ ದೇಶಕ್ಕೇ ದಾರಿ ತೋರಿದ ಪ್ರಕರಣ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. 'ಸಿಫಿ' ಹೆಸರಿನ ಸತ್ಯಂ ಇನ್ಫೋವೇ ಕಂಪನಿಯು 'ಸಿಫಿನೆಟ್' ಹೆಸರು ಬಳಸುತ್ತಿದ್ದ ಸಂಸ್ಥೆಯ ವಿರುದ್ಧ ದಾವೆ ಹೂಡಿ, ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಹೈಕೋರ್ಟ್ ಆ ಆದೇಶವನ್ನು ಬದಿಗೊತ್ತಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮರುಸ್ಥಾಪಿಸಿತು. ಡೊಮೈನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಅದಕ್ಕೂ ಟ್ರೇಡ್‌ಮಾರ್ಕ್‌ನಂತೆಯೇ ಕಾನೂನಿನ ರಕ್ಷಣೆ ಇದೆ ಎಂದು ಕೋರ್ಟ್ ಹೇಳಿತು.

2024ರ ಅಕ್ಟೋಬರ್‌ನಲ್ಲಿ 'ಜಿಯೋಹಾಟ್‌ಸ್ಟಾರ್' ಹೆಸರು ದೊಡ್ಡ ಸುದ್ದಿಯಾಗಿತ್ತು. ಕ್ರಿಕೆಟ್ ಪ್ರಸಾರ ಮಾಡುವ ಎರಡು ಕಂಪನಿಗಳ ವಿಲೀನವನ್ನು ಊಹಿಸಿ ದೆಹಲಿಯ ಆ್ಯಪ್ ಡೆವಲಪರ್ ಒಬ್ಬರು ಈ ಡೊಮೈನ್ ನೋಂದಾಯಿಸಿದ್ದರು. ಅದಕ್ಕೆ ಬದಲಾಗಿ ತಮ್ಮ ವಿದೇಶಿ ವ್ಯಾಸಂಗದ ಶುಲ್ಕ ಕೇಳಿದ್ದರು. ಬಳಿಕ ಆ ಹೆಸರು ದುಬೈನ ಅಣ್ಣ-ತಂಗಿಯ ಕೈ ಸೇರಿತು. ಅವರು ಅದನ್ನು ಉಚಿತವಾಗಿ ಬಿಟ್ಟುಕೊಡುವುದಾಗಿ ಹೇಳಿದರು.

ವ್ಯಾಜ್ಯವಾದರೆ ಏನಾಗುತ್ತದೆ?

ಹೆಸರಿನ ನಿಜವಾದ ಹಕ್ಕುದಾರರು 'ಡಾಟ್ ಇನ್' ವಿಳಾಸಗಳ ಬಗ್ಗೆ ನಿಕ್ಸಿಗೆ ದೂರು ನೀಡಬಹುದು. ಅದು ಮಧ್ಯಸ್ಥಗಾರರ ಮುಂದೆ ವಿಚಾರಣೆಯಾಗುತ್ತದೆ. 'ಡಾಟ್ ಕಾಮ್' ಆದರೆ ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಂತಹ ಕಡೆ ದೂರು ಸಲ್ಲಿಸಬಹುದು. ಮುಖ್ಯವಾಗಿ ಮೂರು ಅಂಶಗಳನ್ನು ನೋಡಲಾಗುತ್ತದೆ: ಹೆಸರು ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆಯೇ, ನೋಂದಾಯಿಸಿದವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿದೆಯೇ, ದುರುದ್ದೇಶವಿದೆಯೇ. ದೂರುದಾರರು ಗೆದ್ದರೆ ಡೊಮೈನ್ ರದ್ದಾಗುತ್ತದೆ ಇಲ್ಲವೇ ಅವರಿಗೆ ವರ್ಗವಾಗುತ್ತದೆ. ಪರಿಹಾರ ಹಣ ಬೇಕಿದ್ದರೆ ಅವರು ನ್ಯಾಯಾಲಯಕ್ಕೇ ಹೋಗಬೇಕು.

ನೋಂದಣಿಗೆ ಮುನ್ನ ಇವು ನೆನಪಿರಲಿ

* ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹೆಸರು ಹುಡುಕಿ. ಕ್ರೀಡಾ ತರಬೇತಿ 41ನೇ ವರ್ಗದಲ್ಲಿ, ಉಡುಪು 25ರಲ್ಲಿ, ಆಟದ ಸಾಮಗ್ರಿ 28ರಲ್ಲಿ ಬರುತ್ತವೆ. ಗುಜರಾತ್‌ನವರಿಗೆ ಟ್ರೇಡ್‌ಮಾರ್ಕ್ ಕಚೇರಿ ಅಹಮದಾಬಾದ್‌ನಲ್ಲೇ ಇದೆ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ.
* ತಂಡ, ಲೀಗ್, ಕ್ರೀಡಾಕೂಟದ ಅಧಿಕೃತ ಹೆಸರುಗಳ ತಂಟೆ ಬೇಡ. ನಿಮ್ಮದೇ ಹೆಸರಿನ ಜತೆ ಊರು ಮತ್ತು ಆಟವನ್ನು ಸೇರಿಸುವುದು ಸುರಕ್ಷಿತ.
* ಹೆಸರು ಚಿಕ್ಕದಾಗಿರಲಿ, ಫೋನ್‌ನಲ್ಲಿ ಹೇಳಿದರೆ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ.
* ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ನೋಂದಣಿ ಬೇಡ. ದಾಖಲೆಯಲ್ಲಿ ಸಂಸ್ಥೆಯ ಹೆಸರು, ಇಮೇಲ್, ಮೊಬೈಲ್ ಸಂಖ್ಯೆಯೇ ಇರಲಿ. ನಾಳೆ ಮನಸ್ತಾಪವಾದರೆ ದಾಖಲೆಯಲ್ಲಿ ಇರುವವರ ಮಾತೇ ನಡೆಯುತ್ತದೆ.
* ಸ್ವಯಂ ನವೀಕರಣ ಸೌಲಭ್ಯ ಆನ್ ಮಾಡಿಡಿ. ಅವಧಿ ಮೀರಿ ಕೈಬಿಟ್ಟ ಹೆಸರನ್ನು ಬೇರೆಯವರು ಪಡೆಯಬಹುದು.

ದೊಡ್ಡ ಪಂದ್ಯಗಳು ಹತ್ತಿರವಾದಾಗ ಅಧಿಕೃತ ಹೆಸರನ್ನು ಹೋಲುವ ವಿಳಾಸಗಳಲ್ಲಿ ನಕಲಿ ಟಿಕೆಟ್ ಮಾರುವ ವಂಚಕರೂ ಇರುತ್ತಾರೆ. ಹಣ ಕಟ್ಟುವ ಮುನ್ನ ವಿಳಾಸದ ಒಂದೊಂದು ಅಕ್ಷರವನ್ನೂ ಗಮನಿಸಿ. ಮೋಸ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.