ಕೇಳಿಸಿಕೊಳ್ಳುವ ಕೇಂದ್ರ: ಯಲಹಂಕದ ನಾಸ್ಟ್ರಾಕ್

2010ರ ಜುಲೈ 12, ಬೆಳಿಗ್ಗೆ 9 ಗಂಟೆ 22 ನಿಮಿಷ. ಶ್ರೀಹರಿಕೋಟಾದಿಂದ ಮೇಲೇರಿದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನ ನೆತ್ತಿಯಲ್ಲಿ ಐದು ಉಪಗ್ರಹಗಳಿದ್ದವು. ದೊಡ್ಡಣ್ಣ 694 ಕಿಲೋ ತೂಕದ ಕಾರ್ಟೊಸ್ಯಾಟ್-2ಬಿ. ಅಲ್ಜೀರಿಯಾದ್ದೊಂದು, ನಾರ್ವೆಯದೊಂದು, ಸ್ವಿಟ್ಜರ್ಲೆಂಡಿನದೊಂದು. ಐದನೆಯದು ಒಂದು ಕಿಲೋ ಕೂಡ ತೂಗದ ಸ್ಟುಡ್‌ಸ್ಯಾಟ್, ನಮ್ಮ ಎಂಜಿನಿಯರಿಂಗ್ ಕಾಲೇಜು ಹುಡುಗ ಹುಡುಗಿಯರು ಕಟ್ಟಿದ ಪೆಟ್ಟಿಗೆ. ಪೆಟ್ಟಿಗೆಯ ಬಗ್ಗೆ ಬರೆದವರು ಬಹಳ ಮಂದಿ. ಈ ಸಂಚಿಕೆಗೆ ನಾನು ಬರೆಯಹೊರಟಿರುವುದು ಅದರ ದನಿಗಾಗಿ ಕಾದು ಕುಳಿತ ಕೇಂದ್ರದ ಬಗ್ಗೆ. ಅದರ ಮೊದಲ ಪರೀಕ್ಷೆಗೆ 2025ರ ಜುಲೈಗೆ ಹದಿನೈದು ವರ್ಷ ತುಂಬಿತು.

ಸ್ಟುಡ್‌ಸ್ಯಾಟ್ ಕನಸು ಮೊಳೆತದ್ದು 2007ರಲ್ಲಿ, ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಗನಯಾನ ಸಮ್ಮೇಳನ ನಡೆದಾಗ. ಬೆಂಗಳೂರಿನ ನಾಲ್ಕು ಕಾಲೇಜು, ಹೈದರಾಬಾದಿನ ಮೂರು ಕಾಲೇಜು ಕೈಜೋಡಿಸಿದವು. ಮುಂದಾಳತ್ವ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯದು. ಭೂಕೇಂದ್ರವೂ ಅಲ್ಲೇ ಎದ್ದಿತು. ನಿಟ್ಟೆ ಹವ್ಯಾಸಿ ಉಪಗ್ರಹ ಜಾಡು ಹಿಡಿಯುವ ಕೇಂದ್ರ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ‘ನಾಸ್ಟ್ರಾಕ್’ ಎಂದರು. ಇಸ್ರೋದ ಜಾಡು ಕೇಂದ್ರ ಇಸ್ಟ್ರಾಕ್ ಇರುವುದೂ ಬೆಂಗಳೂರಿನಲ್ಲೇ, ಪೀಣ್ಯದಲ್ಲಿ. ಹುಡುಗರು ಹೆಸರಿನಲ್ಲೇ ದೊಡ್ಡವರ ಪಕ್ಕ ಕುರ್ಚಿ ಹಾಕಿಕೊಂಡಿದ್ದರು.

ಭೂಕೇಂದ್ರ ಅಂದಕೂಡಲೇ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ತಟ್ಟೆ ಆಂಟೆನಾ ಕಣ್ಣಮುಂದೆ ಬರುತ್ತದೆ. ಕಾಲೇಜಿನ ಕೇಂದ್ರಕ್ಕೆ ಅಷ್ಟು ಬೇಡ. ಹಳೆಯ ದೂರದರ್ಶನ ಆಂಟೆನಾದ ವಂಶಕ್ಕೇ ಸೇರಿದ ಯಾಗಿ ಆಂಟೆನಾ, ಅದನ್ನು ಸುತ್ತಲೂ ಮೇಲಕ್ಕೂ ತಿರುಗಿಸುವ ಮೋಟಾರು, ಒಂದು ರೇಡಿಯೊ, ಒಂದು ಕಂಪ್ಯೂಟರು. ಪಟ್ಟಿ ಇಷ್ಟೇ. ಕಷ್ಟವೆಲ್ಲ ಇರುವುದು ಇವುಗಳ ನಡುವೆ.

ಸ್ಟುಡ್‌ಸ್ಯಾಟ್ ಹಾರಿದ್ದು ಸುಮಾರು 637 ಕಿ.ಮೀ. ಎತ್ತರದಲ್ಲಿ. ನೆತ್ತಿಯ ಮೇಲೆ ಬಂದಾಗ ದೂರ ಅಷ್ಟೇ, ದಿಗಂತದಲ್ಲಿ ಇಣುಕುವಾಗ ಮಾತ್ರ 2,900 ಕಿ.ಮೀ. ಇಂಥ ಪುಟ್ಟ ಉಪಗ್ರಹದ ಪ್ರಸಾರ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಆಸುಪಾಸು. ಆಂಟೆನಾಗೆ ಸಿಕ್ಕ ಅಷ್ಟಿಷ್ಟು ಸಂಕೇತವೂ ರೇಡಿಯೊ ಇರುವ ಕೋಣೆಗೆ ಕೇಬಲ್ಲಿನಲ್ಲಿ ಇಳಿದು ಬರುವಷ್ಟರಲ್ಲಿ ಸೋರಿಹೋಗುತ್ತದೆ. ಅದಕ್ಕೇ ವರ್ಧಕವನ್ನು ಕೋಣೆಯಲ್ಲಿಡದೆ ಕಂಬದ ತುದಿಯಲ್ಲೇ, ಆಂಟೆನಾದ ಮಗ್ಗುಲಲ್ಲಿ ಕೂರಿಸಬೇಕು. ಅಲ್ಲಿ ಬಿಸಿಲು, ಮಳೆ, ಸಿಡಿಲು. ಕನೆಕ್ಟರಿನೊಳಗೆ ಒಂದು ಹನಿ ನೀರು ಇಳಿದರೆ ಸಾಕು, ಕೇಂದ್ರ ಅರೆಗಿವುಡಾಗುತ್ತದೆ. ತಪ್ಪು ಉಪಗ್ರಹದ್ದೆಂದು ಎಲ್ಲರೂ ಮೇಲೆ ನೋಡುತ್ತ ಕೂರುತ್ತಾರೆ. ಉಪಗ್ರಹ ಉರುಳುತ್ತ ಸಾಗುವುದರಿಂದ ಅಲೆ ಒಮ್ಮೆ ಅಡ್ಡ, ಒಮ್ಮೆ ಉದ್ದ. ಎರಡನ್ನೂ ಹಿಡಿಯಲು ಯಾಗಿಯ ಕಡ್ಡಿಗಳನ್ನು ಶಿಲುಬೆಯಂತೆ ಜೋಡಿಸುತ್ತಾರೆ.

ಇನ್ನು ಡಾಪ್ಲರ್ ಕಾಟ. ಸ್ಟುಡ್‌ಸ್ಯಾಟ್ ಬಳಸಿದ್ದು 437 ಮೆಗಾಹರ್ಟ್ಸ್ ಸುತ್ತಿನ ಹವ್ಯಾಸಿ ರೇಡಿಯೊ ಪಟ್ಟಿ. ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಧಾವಿಸಿ ಬರುವಾಗ ಅದರ ಆವರ್ತನ ಸುಮಾರು 10 ಕಿಲೋಹರ್ಟ್ಸ್ ಮೇಲೆ ಕೇಳಿಸುತ್ತದೆ, ದೂರ ಸರಿಯುವಾಗ ಅಷ್ಟೇ ಕೆಳಗೆ. ರೇಡಿಯೊ ಕಿವಿ ಹಿಂಡುತ್ತಲೇ ಇರಬೇಕು. ಒಂದು ಸಲ ಬಂದರೆ ಕಾಣಿಸುವುದು ಹೆಚ್ಚೆಂದರೆ ಹನ್ನೆರಡು–ಹದಿಮೂರು ನಿಮಿಷ. ಸೂರ್ಯಸ್ಥಾಯಿ ಕಕ್ಷೆಯಾದ್ದರಿಂದ ಆ ನಿಮಿಷಗಳು ಬರುವುದು ಬೆಳಿಗ್ಗೆ ಒಂದೆರಡು ಬಾರಿ, ರಾತ್ರಿ ಒಂದೆರಡು ಬಾರಿ. ಬೆಳಗಿನದು ಕ್ಲಾಸಿನ ಹೊತ್ತು, ರಾತ್ರಿಯದು ಹಾಸ್ಟೆಲ್ ಬಾಗಿಲು ಹಾಕುವ ಹೊತ್ತು!

ಉಡಾವಣೆ ಮೊದಲು ಗೊತ್ತಾಗಿದ್ದು ಮೇ 9ಕ್ಕೆ. ರಾಕೆಟ್ಟಿನ ಎರಡನೇ ಹಂತದಲ್ಲಿ ಒತ್ತಡ ಕುಸಿದದ್ದು ಕಂಡು ಮುಂದೂಡಿದರು. ಉಪಗ್ರಹ ಕಟ್ಟಿದವರಿಗೆ ಅದು ಸಂಕಟದ ಕಾಲ. ಕೇಂದ್ರ ನಡೆಸುವವರಿಗೆ ಮಾತ್ರ ಇಂಥ ಬಿಡುವು ವರವೆನ್ನಬೇಕು. ಬೇರೆ ಹವ್ಯಾಸಿ ಉಪಗ್ರಹಗಳನ್ನು ಕೇಳಿ ಕೈ ಪಳಗಿಸಿಕೊಳ್ಳಬಹುದು. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಆಗಿನ್ನೂ ಜೀವಂತವಾಗಿತ್ತು. ಜುಲೈ 12ರಂದು ಹನ್ನೊಂದು ದಾಟಿದ ಮೇಲೆ, ಒಂದು ಸುತ್ತು ಮುಗಿಸಿ ಬಂದ ಸ್ಟುಡ್‌ಸ್ಯಾಟಿನ ದನಿ ಯಲಹಂಕದಲ್ಲಿ ಕೇಳಿಸಿತು. ಒಟ್ಟಿಗೆ ಬಿಡುಗಡೆಯಾದ ಉಪಗ್ರಹಗಳು ಮೊದಮೊದಲು ಗುಂಪಾಗಿಯೇ ಸಾಗುವುದರಿಂದ ಯಾವ ಚುಕ್ಕೆ ಯಾರದೆಂದು ಹೇಳುವುದು ಸುಲಭವಲ್ಲ. ಮೋರ್ಸ್ ಸಂಕೇತದ ಕರೆಹೆಸರು ಕಿವಿಗೆ ಬಿದ್ದರೇ ಖಾತ್ರಿ.

ಇದನ್ನೆಲ್ಲ ಮೊಳಕಾಲ್ಮೂರು ಸೀಮೆಯ ಸಿದ್ದಾಪುರದಲ್ಲಿ ಕೂತು ಬರೆಯಲು ಕಾರಣವಿದೆ. ಇಲ್ಲಿ, ಬ್ರಹ್ಮಗಿರಿಯಲ್ಲಿ, ಜಟಿಂಗ ರಾಮೇಶ್ವರದಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಕಂಡರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಎಂದು. ಎರಡು ಸಾವಿರ ವರ್ಷ ದಾಟಿದರೂ ಲಿಪಿಕಾರನ ಹೆಸರು ಉಳಿದಿದೆ. ಉಪಗ್ರಹದ ಮಾತನ್ನು ಇಳಿಸಿಕೊಂಡವರ ಹೆಸರು ಹದಿನೈದೇ ವರ್ಷಕ್ಕೆ ಯಾರ ಬಾಯಲ್ಲೂ ಇಲ್ಲ.

ಪಕ್ಕದ ಚಳ್ಳಕೆರೆಯ ಕಾವಲಿನಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರು 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನ ಅಲ್ಲಿನ ಓಡುದಾರಿಗೆ ತಾನೇ ಇಳಿಯಿತು. ಹೆಮ್ಮೆಯ ಮಾತೇ. ಆದರೆ ಅದು ಬೇಲಿಯಾಚೆಗಿನ ಹೆಮ್ಮೆ. ಅಮೃತಮಹಲ್ ಕಾವಲಿನಲ್ಲಿ ದನ ಕುರಿ ಮೇಯಿಸುತ್ತಿದ್ದವರು ಈಗ ಗೋಡೆ ನೋಡುತ್ತಾರೆ. ಕಾಲೇಜಿನ ಭೂಕೇಂದ್ರ ಹಾಗಲ್ಲ. ಹದಿನೆಂಟರ ಹುಡುಗಿ ಕಂಬ ಹತ್ತಿ ಕನೆಕ್ಟರು ಬಿಚ್ಚಿ ನೋಡಬಹುದು.

ನಾಸ್ಟ್ರಾಕ್ ನಂತರ ದಾರಿ ಬೆಳೆಯಿತು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5 ಕಿಲೋ ಚಿಲ್ಲರೆ ತೂಕದ ಪಿಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35ರಲ್ಲಿ ಹಾರಿತು, ಅದಕ್ಕೂ ಕ್ಯಾಂಪಸ್ಸಿನಲ್ಲೇ ಭೂಕೇಂದ್ರ. ಸ್ಟುಡ್‌ಸ್ಯಾಟ್ ತಂಡ ಪರಸ್ಪರ ಮಾತಾಡುವ ಜೋಡಿ ಉಪಗ್ರಹಗಳ ಯೋಜನೆಗೂ ಕೈಹಾಕಿತು. ಸ್ಯಾಟ್‌ನಾಗ್ಸ್ ಎಂಬ ಮುಕ್ತ ಜಾಲ ಬಂದ ಮೇಲಂತೂ ಸ್ವಂತ ಉಪಗ್ರಹವಿಲ್ಲದವರೂ ಕೇಂದ್ರ ಕಟ್ಟಿ ಜಗತ್ತಿನ ಉಪಗ್ರಹಗಳನ್ನು ಕೇಳಬಹುದಾಗಿದೆ.

ಮೊಳಕಾಲ್ಮೂರು ಸೀಮೆಯಲ್ಲಿ ಅಂಥದ್ದೊಂದನ್ನು ಕಟ್ಟಲು ಹೊರಡುವವರಿಗೆ ಎರಡು ಮಾತು. ನಗರದ ರೇಡಿಯೊ ಗದ್ದಲ ಇಲ್ಲಿ ಕಡಿಮೆ, ಅದು ಲಾಭ. ಗುಡ್ಡಗಳು ಮಾತ್ರ ದಿಗಂತವನ್ನು ನುಂಗುತ್ತವೆ, ಆದ್ದರಿಂದ ಬುಡದ ಶಾಲೆಗಿಂತ ಬಯಲಿನ ಶಾಲೆಯ ತಾರಸಿಯೇ ಮೇಲು. ಮರಳಿ ಮಾತಾಡುವ ಆಸೆಯಿದ್ದರೆ ಹವ್ಯಾಸಿ ರೇಡಿಯೊ ಪರೀಕ್ಷೆ, ದೆಹಲಿಯ ಪರವಾನಗಿ ಎರಡೂ ಬೇಕು. ಆಂಟೆನಾಗೆ ಹಣ ಕೂಡಿಸುವ ಮೊದಲೇ ಆ ಅರ್ಜಿ ಹಾಕಿಬಿಡಿ.