ಎಣಿಕೆಯಿಂದ ಅಳತೆಗೆ: ಇಂಗ್ಲೆಂಡಿನ ಮನೆಗಿಟಕಿಗಳ ಮಾರ್ಪಾಟು, 1696–2022

ವಾಸದ ಮನೆಯ ಕಿಟಕಿಯ ಚರಿತ್ರೆಯನ್ನು ಬಹುಮಟ್ಟಿಗೆ ವಾಸ್ತುಶಿಲ್ಪದ ವಿದ್ವಾಂಸರಿಗೇ ಬಿಟ್ಟುಕೊಟ್ಟಂತಾಗಿದೆ. ಅವರು ಶೈಲಿಯನ್ನೂ ಪ್ರಮಾಣವನ್ನೂ ಕುರಿತು ವಿಚಾರಮಾಡುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಕಿಟಕಿಯೆಂಬುದು ಮೂರು ಶತಮಾನಗಳಿಗೂ ಹೆಚ್ಚು ಕಾಲ ಶಾಸನದ ವಸ್ತುವಾಗಿದೆ. ಮೊದಲು ಅದರ ಸಂಖ್ಯೆಗೆ ತೆರಿಗೆ ಬಿತ್ತು. ಅನಂತರ ಅದರ ಗಾಜಿನ ತೂಕಕ್ಕೆ ಸುಂಕ ಬಿತ್ತು. ಈಚೆಗೆ ಅದರಿಂದ ಹೊರಹೋಗುವ ಶಾಖಕ್ಕೆ ಮಿತಿ ಗೊತ್ತಾಗಿದೆ. ಹಳೆಯ ಮನೆಯನ್ನು ನವೀಕರಿಸುವಾಗ ಇದ್ದ ಕಿಟಕಿಯನ್ನು ಕಿತ್ತು ಶಾಖವನ್ನು ಉಳಿಸುವ ಹೊಸ ಕಿಟಕಿಯನ್ನು ಕೂಡಿಸುವ ಇಂದಿನ ರೂಢಿಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಸರ್ಕಾರವು ಕಿಟಕಿಯಲ್ಲಿ ಯಾವುದನ್ನು ಎಣಿಸಿತೋ ಅದಕ್ಕೆ ತಕ್ಕಂತೆ ಮನೆಗಳು ಮಾರ್ಪಟ್ಟವು. ಎಣಿಕೆಗೆ ಬಾರದ ಗುಣಗಳು, ಮುಖ್ಯವಾಗಿ ಗಾಳಿ, ಅಲಕ್ಷ್ಯಕ್ಕೆ ಗುರಿಯಾದವು.

ಕಿಟಕಿಯ ತೆರಿಗೆ ಮೂರನೆಯ ವಿಲಿಯಂ ದೊರೆಯ ಕಾಲದಲ್ಲಿ, 1696ರಲ್ಲಿ, ಜಾರಿಗೆ ಬಂದಿತು. ಅಂಚು ಕತ್ತರಿಸಿ ಸವೆಸಿದ ಬೆಳ್ಳಿಯ ನಾಣ್ಯಗಳನ್ನು ಹಿಂತೆಗೆದುಕೊಂಡು ಹೊಸದಾಗಿ ಟಂಕಿಸಲು ಆದ ನಷ್ಟವನ್ನು ತುಂಬಿಕೊಳ್ಳುವುದು ಅದರ ಉದ್ದೇಶ. ಅದಕ್ಕೆ ಹಿಂದೆ ಇದ್ದ ಒಲೆಯ ತೆರಿಗೆಯನ್ನು 1689ರಲ್ಲಿ ರದ್ದುಮಾಡಲಾಗಿತ್ತು. ಒಲೆಗಳನ್ನು ಎಣಿಸಲು ಅಧಿಕಾರಿಯು ಮನೆಯೊಳಕ್ಕೆ ನುಗ್ಗಬೇಕಾಗುತ್ತಿದ್ದುದು ಜನರಿಗೆ ಸಹಿಸದ ಸಂಗತಿಯಾಗಿತ್ತು. ಕಿಟಕಿಗಳಾದರೋ ಬೀದಿಯಲ್ಲಿ ನಿಂತೇ ಎಣಿಸತಕ್ಕವು. ಪ್ರತಿಯೊಂದು ಮನೆಗೂ 2 ಷಿಲ್ಲಿಂಗು. 10ರಿಂದ 20 ಕಿಟಕಿಗಳಿದ್ದರೆ ಇನ್ನೂ 4, ಅದಕ್ಕೂ ಮೀರಿದರೆ 8 ಷಿಲ್ಲಿಂಗು ಹೆಚ್ಚುವರಿ. 1766ರಲ್ಲಿ 7 ಕಿಟಕಿಗಳಿರುವ ಮನೆಗೂ ಈ ಹೊರೆ ವಿಸ್ತರಿಸಿತು. 1784ರಲ್ಲಿ ಪ್ರಧಾನಿ ಕಿರಿಯ ಪಿಟ್ಟನು ಚಹದ ಸುಂಕವನ್ನು ಶೇಕಡ 12½ಕ್ಕೆ ಇಳಿಸಿ, ಆ ಕೊರತೆಯನ್ನು ಕಿಟಕಿಗಳ ಮೇಲೆ ಹೇರಿದನು. ಈಸ್ಟ್ ಇಂಡಿಯಾ ಕಂಪನಿಯ ಚಹದ ವ್ಯಾಪಾರಕ್ಕೆ ಕಳ್ಳಸಾಗಣೆಯಿಂದಾಗುತ್ತಿದ್ದ ಧಕ್ಕೆಯನ್ನು ತಪ್ಪಿಸಲು ಲಂಡನ್ನಿನ ಗೃಹಸ್ಥನು ತನ್ನ ಕೋಣೆಯ ಬೆಳಕಿಗೆ ಬೆಲೆ ತೆರಬೇಕಾಯಿತೆಂಬುದು ನಮ್ಮ ದೇಶದ ಚರಿತ್ರೆಯನ್ನು ಓದುವವರಿಗೂ ಸ್ವಾರಸ್ಯವಾದ ಅಂಶ.

ಇದರ ಅನ್ಯಾಯವನ್ನು ಆಡಂ ಸ್ಮಿತ್ 1776ರಲ್ಲಿಯೇ ಎತ್ತಿ ತೋರಿಸಿದ್ದನು: ಹಳ್ಳಿಯ ಕಡೆಯ ಅಲ್ಪ ಬಾಡಿಗೆಯ ಮನೆಗೆ ಲಂಡನ್ನಿನ ಭಾರಿ ಬಾಡಿಗೆಯ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು, ಆದ್ದರಿಂದ ತೆರಿಗೆಯು ಬಡವನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಬಾಡಿಗೆ ಮನೆಗಳ ಒಡೆಯರು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದರು. ಇಂದು ಇಂಗ್ಲೆಂಡಿನಲ್ಲಿ ಕಾಣುವ ಕುರುಡು ಕಿಟಕಿಗಳೆಲ್ಲವೂ ತೆರಿಗೆಯ ಫಲವೆಂದು ಮಾರ್ಗದರ್ಶಿಗಳು ಹೇಳುವುದುಂಟು, ಅದು ಸರಿಯಲ್ಲ. ಮುಂಭಾಗದ ಸಮತೋಲಕ್ಕಾಗಿ ಮೊದಲಿನಿಂದಲೇ ಕುರುಡಾಗಿ ಕಟ್ಟಿದವೂ ಅವುಗಳಲ್ಲಿ ಅನೇಕ. ಆದರೆ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ರೋಗ ಹರಡುವುದನ್ನು ಕಂಡ 1840ರ ದಶಕದ ಆರೋಗ್ಯ ಸುಧಾರಕರು ಈ ತೆರಿಗೆಯನ್ನು ಪಟ್ಟು ಹಿಡಿದು ವಿರೋಧಿಸಿದುದು ನಿಜ. 1851ರ ಜುಲೈ ತಿಂಗಳಲ್ಲಿ ಅದು ರದ್ದಾಯಿತು. ಅದೇ ವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು 3 ಲಕ್ಷ ಗಾಜಿನ ಹಲಗೆಗಳ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು.

ಆ ಮಂದಿರವು ಸಾಧ್ಯವಾದದ್ದು ಮತ್ತೊಂದು ಸುಂಕವು ಆರು ವರ್ಷಗಳ ಹಿಂದೆ ಅಳಿದುದರಿಂದ. 1746ರಿಂದ 1845ರವರೆಗೆ ಗಾಜಿಗೆ ತೂಕದ ಲೆಕ್ಕದಲ್ಲಿ ಅಬಕಾರಿ ಸುಂಕವಿದ್ದಿತು. ತೂಕಕ್ಕೆ ಸುಂಕವಾದರೆ ತೆಳುವಾದ ಗಾಜಿಗೇ ಗಿರಾಕಿ. ಊದಿ, ಗರಗರನೆ ತಿರುಗಿಸಿ ತಟ್ಟೆಯಂತೆ ಹರಡಿದ ಕ್ರೌನ್ ಗಾಜು ಆ ಕಾಲದ ಮನೆಗಳಲ್ಲಿ ಮೆರೆಯಿತು. ಆ ತಟ್ಟೆಯಿಂದ ದೊಡ್ಡ ತುಂಡುಗಳು ದೊರೆಯುತ್ತಿರಲಿಲ್ಲವಾದ್ದರಿಂದ ಕಿಟಕಿಯ ಕದವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸುವ ಮರದ ಪಟ್ಟಿಗಳು ಅನಿವಾರ್ಯವಾದವು. ಸುಂಕ ಅಳಿದ ಮೇಲೆ ಅಗಲವಾದ, ದಪ್ಪವಾದ ಹಾಳೆಗಾಜು ಅಗ್ಗವಾಯಿತು. ನಡುವಿನ ಪಟ್ಟಿಗಳು ಮಾಯವಾದವು. ತೆಳು ಗಾಜಿನಿಂದ ಮನೆ ತಣ್ಣಗಾಗುತ್ತಿತ್ತೆಂದು ಊಹಿಸುವುದು ಸಹಜ. ಆದರೆ ಭೌತಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಒಂಟಿ ಗಾಜಿನ ಕಿಟಕಿಯಲ್ಲಿ ಶಾಖವನ್ನು ಸ್ವಲ್ಪವಾದರೂ ತಡೆಯುವುದು ಅದರ ಎರಡು ಮುಖಗಳಿಗೆ ಅಂಟಿಕೊಂಡ ಗಾಳಿಯ ತೆಳು ಪದರಗಳೇ ಹೊರತು ಗಾಜಲ್ಲ. 4 ಮಿಲಿಮೀಟರ್ ಗಾಜಿನ ಪಾಲು ಒಟ್ಟು ತಡೆಯಲ್ಲಿ ಶೇಕಡ 2ರಷ್ಟು ಮಾತ್ರ.

ಹಾಗಾದರೆ ತಡೆಯಬೇಕಾದದ್ದು ಗಾಳಿಯಿಂದಲೇ. ಎರಡು ಗಾಜುಗಳ ನಡುವೆ ನಿಶ್ಚಲವಾದ ಒಣ ಗಾಳಿಯನ್ನು ಸೆರೆಹಿಡಿಯುವ ಉಪಾಯಕ್ಕೆ ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ ಎಂಬಾತನು 1865ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅಂಚುಗಳನ್ನು ತೇವ ನುಸುಳದಂತೆ ಬಿಗಿಯುವ ವಿಧಾನ ತಿಳಿಯುವ ತನಕ ಅದು ಕಾಗದದ ಮೇಲಿನ ವಿಚಾರವಾಗಿಯೇ ಉಳಿಯಿತು. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಕಾರ್ಖಾನೆಗಳು ಅದನ್ನು ಮಾರುಕಟ್ಟೆಗೆ ತಂದವು. ಇಂಗ್ಲೆಂಡಿನ ಕೊಡುಗೆ ಬೇರೆ ಬಗೆಯದು. ಕರಗಿದ ತವರದ ಮೇಲೆ ಗಾಜನ್ನು ತೇಲಿಬಿಟ್ಟು ಸಮತಟ್ಟಾದ ಹಾಳೆಯಾಗಿಸುವ ವಿಧಾನವನ್ನು ಅಲಾಸ್ಟೇರ್ ಪಿಲ್ಕಿಂಗ್ಟನ್ 1952ರಲ್ಲಿ ಕಲ್ಪಿಸಿದನು. ಏಳು ವರ್ಷಗಳ ಪ್ರಯೋಗದ ಬಳಿಕ 1959ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಉಜ್ಜಿ ನಯಗೊಳಿಸಬೇಕಾದ ಅಗತ್ಯವಿಲ್ಲದ ಈ ಗಾಜು ಸಿಕ್ಕಿದುದರಿಂದ ಜೋಡಿಗಾಜು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವಂತಾಯಿತು.

1973ರ ತೈಲ ಬಿಕ್ಕಟ್ಟು ಈ ಉದ್ಯಮಕ್ಕೆ ದೊಡ್ಡ ಪ್ರೇರಣೆಯಾಯಿತು. ಇಂಧನ ದುಬಾರಿಯಾಗಲು ಜೋಡಿಗಾಜನ್ನು ಹೊತ್ತು ಮನೆಮನೆಯ ಬಾಗಿಲು ತಟ್ಟುವ ಮಾರಾಟಗಾರರು ತಲೆಯೆತ್ತಿದರು. ಆ ಕಾಲದ ಅಲ್ಯೂಮಿನಿಯಂ ಚೌಕಟ್ಟುಗಳು ಒಳಗಿನಿಂದ ಹೊರಗಿನವರೆಗೆ ಒಂದೇ ಲೋಹದವಾಗಿದ್ದುವು. ಗಾಜು ತಡೆದ ಶಾಖವನ್ನು ಚೌಕಟ್ಟು ಬಿಟ್ಟುಕೊಟ್ಟು, ಚಳಿಗಾಲದ ಬೆಳಗ್ಗೆ ಅದರ ಮೇಲೆ ನೀರು ಹನಿಗಟ್ಟುತ್ತಿತ್ತು. ಮುಂದೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು ಪ್ರಚಾರಕ್ಕೆ ಬಂದು ಈ ದೋಷ ನೀಗಿತು.

ಇಲ್ಲಿ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಜೋಡಿಗಾಜಿನ ನಡುವಣ ಗಾಳಿಯು ವಹನವನ್ನು ತಡೆಯುತ್ತದೆ. ಅಂತರವನ್ನು 16 ಮಿಲಿಮೀಟರಿನ ಆಚೆಗೆ ಹೆಚ್ಚಿಸಿದರೆ ಗಾಳಿಯು ಒಳಗೇ ಸುತ್ತತೊಡಗಿ ಹೆಚ್ಚಿನ ಲಾಭವಾಗದು. ಆದರೆ ಶಾಖದ ದೊಡ್ಡ ಪಾಲು ವಿಕಿರಣದ ರೂಪದಲ್ಲಿ ಬೆಚ್ಚಗಿನ ಗಾಜಿನಿಂದ ತಣ್ಣಗಿನ ಗಾಜಿಗೆ ನೆಗೆಯುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಅಥವಾ ತವರದ ಆಕ್ಸೈಡಿನ ಲೇಪವನ್ನು ಒಳಗಿನ ಮುಖಕ್ಕೆ ಹಚ್ಚಿದರೆ ಬೆಳಕು ಬಹುಮಟ್ಟಿಗೆ ಒಳಬರುತ್ತದೆ, ಉಷ್ಣವಿಕಿರಣ ಮಾತ್ರ ಕೋಣೆಗೆ ಹಿಂದಿರುಗುತ್ತದೆ. ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿರುವಾಗ ಹಾದುಹೋಗುವ ಶಾಖಕ್ಕೆ ಯು-ಮೌಲ್ಯವೆಂದು ಹೆಸರು. ಒಂಟಿ ಗಾಜಿಗೆ ಇದು 5.8 ವ್ಯಾಟಿನ ಆಸುಪಾಸು. ಬರಿಯ ಜೋಡಿಗಾಜಿಗೆ ಸುಮಾರು 2.8, ಲೇಪವೂ ಆರ್ಗಾನ್ ಅನಿಲವೂ ಸೇರಿದರೆ 1.1 ಅಥವಾ 1.2. ಬೆಂಗಳೂರಿನಂಥ ಊರಿನಲ್ಲಿ ಬಿಸಿಲನ್ನು ಹೊರಗಿಡುವುದೇ ಮುಖ್ಯವಾದ್ದರಿಂದ ಅಲ್ಲಿಗೆ ಬೇರೆ ಬಗೆಯ ಲೇಪ, ಅದೂ ಹೊರಗಾಜಿನ ಒಳಮುಖಕ್ಕೆ, ಬೇಕಾಗುತ್ತದೆ. ಇಂಗ್ಲೆಂಡಿನ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತರುವುದು ಯುಕ್ತವಲ್ಲ.

ಮೇಲಿನ ಅಂಕಿಗಳು ಗಾಜಿನ ನಡುಭಾಗದವು ಎಂಬುದನ್ನು ಮರೆಯಬಾರದು. ಅಂಚಿನ ಲೋಹದ ಪಟ್ಟಿ, ಚೌಕಟ್ಟು, ಗೋಡೆಯ ಸಂದು ಇವುಗಳ ಮೂಲಕ ಸೋರುವ ಶಾಖ ಬೇರೆ. ಹೊಸ ಕಿಟಕಿಯ ಗುಣದೋಷವು ಅಂಗಡಿಯಲ್ಲಿ ಅರ್ಧ, ಗೋಡೆಯಲ್ಲಿ ಅರ್ಧ ನಿರ್ಧಾರವಾಗುತ್ತದೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಲಂಡನ್ನಿನ ಮನೆಗಳನ್ನೇ ನೋಡಬಹುದು. ಬೆಂಕಿಯ ಭಯದಿಂದ 1774ರ ಕಟ್ಟಡ ಶಾಸನವು ಸ್ಯಾಷ್ ಕಿಟಕಿಯ ಮರದ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಅಡಗಿಸಬೇಕೆಂದು ವಿಧಿಸಿತು. ಮೇಲೆ ಕೆಳಗೆ ಜಾರುವ ಕದಗಳನ್ನು ತೂಗಿಸುವ ಗುಂಡುಗಳು ಆ ಪೊಳ್ಳು ಪೆಟ್ಟಿಗೆಯಲ್ಲಿ ಏರಿಳಿಯುತ್ತವೆ. ಮಾರ್ಪಾಟು ಮಾಡುವವನು ಕದಗಳನ್ನು ಮಾತ್ರ ತೆಗೆದು ಪೆಟ್ಟಿಗೆಯೊಳಗೆ ಹೊಸ ಚೌಕಟ್ಟನ್ನು ನಿಲ್ಲಿಸಿದರೆ ಆ ಪೊಳ್ಳು ತಣ್ಣನೆಯ ಗಾಳಿಯ ದಾರಿಯಾಗಿ ಉಳಿಯುತ್ತದೆ, ಗಾಜಿನ ಅಗಲವೂ ಕುಗ್ಗುತ್ತದೆ. ಪೆಟ್ಟಿಗೆಯನ್ನೇ ಕಿತ್ತರೆ ಒಳಗಿನ ಗಾರೆಯನ್ನು ಮತ್ತೆ ಕಟ್ಟಬೇಕು. ವಿಕ್ಟೋರಿಯಾ ರಾಣಿಯ ಕಾಲದ ಮುಂಚಾಚಿದ ಕಿಟಕಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮೇಲಂತಸ್ತಿನ ಭಾರವನ್ನು ಅನೇಕ ಕಡೆ ಆ ಮರದ ಕಂಬಗಳೇ ಹೊತ್ತಿವೆ. ಅವುಗಳ ಜಾಗದಲ್ಲಿ ಆಧಾರವಿಲ್ಲದ ಪ್ಲಾಸ್ಟಿಕ್ಕನ್ನು ನಿಲ್ಲಿಸಿದ ಕಡೆ ಗೋಡೆಗಳು ಕುಸಿಯತೊಡಗಿದವು.

ಕಿಟಕಿ ಬದಲಾಯಿಸುವ ಕೆಲಸವನ್ನು ಶಾಖದ ದೃಷ್ಟಿಯಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಕಟ್ಟಡ ನಿಯಮಗಳು ಹತೋಟಿಗೆ ತಂದದ್ದು 2002ರ ಏಪ್ರಿಲ್ 1ರಿಂದ. ಮರದ ಅಥವಾ ಪ್ಲಾಸ್ಟಿಕ್ಕಿನ ಕಿಟಕಿಗೆ ಮಿತಿ 2.0 ಎಂದು ಗೊತ್ತಾಯಿತು. 2022ರ ಜೂನಿನಿಂದ ಇಂಗ್ಲೆಂಡಿನಲ್ಲಿ ಅದು 1.4ಕ್ಕೆ ಇಳಿಯಿತು. ಇದರ ಬದಲಿಗೆ ಅಕ್ಷರದ ದರ್ಜೆಯನ್ನೂ ಒಪ್ಪುತ್ತಾರೆ. ನಷ್ಟವಾಗುವ ಶಾಖ, ಬಿಸಿಲಿನಿಂದ ಬರುವ ಶಾಖ, ಸಂದುಗಳಲ್ಲಿ ನುಸುಳುವ ಗಾಳಿ ಈ ಮೂರನ್ನೂ ಕೂಡಿಸಿ ಕಳೆದು ದರ್ಜೆಯನ್ನು ನಿರ್ಣಯಿಸುವುದರಿಂದ ಯು-ಮೌಲ್ಯಕ್ಕಿಂತ ಇದು ವಿವೇಕಯುತವೆನ್ನಬೇಕು. ಆದರೂ ಬಿಸಿಲಿನ ಲೆಕ್ಕವು ಎಲ್ಲ ದಿಕ್ಕುಗಳ ಸರಾಸರಿಯದು. ಸೂರ್ಯನನ್ನೇ ಕಾಣದ ಉತ್ತರದ ಕಿಟಕಿಗೂ ದಕ್ಷಿಣದ ಕಿಟಕಿಗೂ ಒಂದೇ ಚೀಟಿ. ಉತ್ತರಕ್ಕೆ ಕಡಮೆ ಯು-ಮೌಲ್ಯದ್ದನ್ನೂ, ದಕ್ಷಿಣಕ್ಕೆ ಬಿಸಿಲನ್ನು ಹೆಚ್ಚು ಬಿಟ್ಟುಕೊಡುವುದನ್ನೂ ಆರಿಸಿಕೊಳ್ಳುವ ಜಾಣ್ಮೆಯನ್ನು ಗೃಹಸ್ಥನೇ ತೋರಬೇಕು.

ಬದಲಾವಣೆಯೊಂದೇ ದಾರಿಯೇ ಎಂಬ ಪ್ರಶ್ನೆಯನ್ನು ಶಾಸನ ಎತ್ತುವುದಿಲ್ಲ, ಚರಿತ್ರಕಾರರು ಎತ್ತಬೇಕಾಗಿದೆ. ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯವು ಹಳೆಯ ಸ್ಯಾಷ್ ಕಿಟಕಿಯೊಂದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ರಾತ್ರಿ ಮುಚ್ಚುವ ಮರದ ಒಳಕದಗಳಿಂದಲೇ ಗಾಜಿನ ಶಾಖನಷ್ಟ ಶೇಕಡ 51ರಷ್ಟು ತಗ್ಗಿತು. ಹಳೆಯ ಕಿಟಕಿಯನ್ನು ಹಾಗೆಯೇ ಉಳಿಸಿ ಒಳಬದಿಗೆ ಎರಡನೆಯ ಗಾಜಿನ ಕದವನ್ನು ಹಾಕಿದರೆ ಶೇಕಡ 63ರಷ್ಟು. ಹದಿನೆಂಟನೆಯ ಶತಮಾನದ ಬಡಗಿ ಮಾಡಿಟ್ಟ ಕದಗಳು ಗೋಡೆಯ ಮಡಿಕೆಯಲ್ಲಿ ಬಣ್ಣ ಬಳಿದುಕೊಂಡು ಅಂಟಿಕೊಂಡಿರುವ ಮನೆಗಳು ಅಲ್ಲಿ ಅನೇಕ ಇವೆ. ಅವುಗಳನ್ನು ಬಿಡಿಸಿಕೊಳ್ಳಲು ತಗಲುವ ವೆಚ್ಚ ಅಲ್ಪ. ಜೋಡಿಗಾಜಿನ ಅಂಚಿನ ಬಿಗಿತ ಸಡಲಿದರೆ ಒಳಗೆ ಮಂಜು ಕವಿಯುತ್ತದೆ, ಆ ಗಾಜಿನ ಘಟಕವನ್ನೇ ಬದಲಿಸಬೇಕು. ನಿಧಾನವಾಗಿ ಬೆಳೆದ ಹಳೆಯ ಪೈನ್ ಮರದ ಕದವಾದರೋ, ಕೊಳೆತ ತುದಿಯನ್ನು ಕತ್ತರಿಸಿ ಹೊಸ ತುಂಡನ್ನು ಜೋಡಿಸಿದರೆ ಮತ್ತೊಂದು ತಲೆಮಾರಿಗೆ ಬಾಳುತ್ತದೆ. ಒಡೆಯರು ಇದನ್ನು ವಿಚಾರಿಸದೆ ಕಿಟಕಿಗಳನ್ನು ಕಸಕ್ಕೆ ಎಸೆದದ್ದಕ್ಕೆ ಮಾರಾಟಗಾರನ ಮಾತುಗಾರಿಕೆ ಎಷ್ಟು ಕಾರಣವೋ, ಯು-ಮೌಲ್ಯವೊಂದನ್ನೇ ಹಿಡಿದ ಪಟ್ಟಿಗಳೂ ಅಷ್ಟೇ ಕಾರಣವೆಂದು ನಾವು ತಿಳಿಯುತ್ತೇವೆ.

ಗಾಳಿಯ ಮಾತು ಉಳಿದಿದೆ. ಹಳೆಯ ಕಿಟಕಿಯ ಸಂದುಗಳಲ್ಲಿ ಬೀಸುತ್ತಿದ್ದ ಥಂಡಿಗಾಳಿಯು ಶಾಖವನ್ನು ಕದ್ದೊಯ್ಯುತ್ತಿದ್ದರೂ ಅಡಿಗೆಯ ಹಬೆಯನ್ನೂ ಉಸಿರಿನ ತೇವವನ್ನೂ ಜತೆಗೆ ಒಯ್ಯುತ್ತಿತ್ತು. ಬಿಗಿಯಾದ ಹೊಸ ಕಿಟಕಿಗಳು ಕೂತ ಮೇಲೆ ತೇವವು ಗೋಡೆಯ ಮೂಲೆಗಳಿಗೆ ಸರಿದು ಬೂಷ್ಟು ಹಿಡಿಯತೊಡಗಿತು. 1851ಕ್ಕೆ ಮುಂಚೆ ಇಟ್ಟಿಗೆಯಿಂದ ಮುಚ್ಚಿದ ಕೋಣೆಗಳ ಬಗೆಗೆ ವೈದ್ಯರು ಹೇಳಿದ ದೂರಿಗೂ ಇದಕ್ಕೂ ಇರುವ ಸಾಮ್ಯ ಗಮನಾರ್ಹ. 2022ರ ಜೂನಿನಲ್ಲಿ ಶಾಖದ ಮಿತಿಯ ಜತೆಯಲ್ಲಿಯೇ ಗಾಳಿಯ ನಿಯಮವೂ ಇಂಗ್ಲೆಂಡಿನಲ್ಲಿ ಬದಲಾಯಿತು: ಕಿಟಕಿ ಬದಲಿಸಿದ ಮೇಲೆ ಗಾಳಿಯಾಟವು ಮೊದಲಿಗಿಂತ ಕೆಡಬಾರದು, ಬೇರೆ ವ್ಯವಸ್ಥೆಯಿಲ್ಲದಿದ್ದರೆ ವಾಸದ ಕೋಣೆಗೂ ಅಡಿಗೆಮನೆಗೂ 8,000 ಚದರ ಮಿಲಿಮೀಟರ್, ಬಚ್ಚಲಿಗೆ 4,000 ಚದರ ಮಿಲಿಮೀಟರ್ ಗಾಳಿಗಂಡಿ ಇರತಕ್ಕದ್ದು. ಬಡಗಿಯು ಈಗ ಬಿಗಿಯಾದ ಚೌಕಟ್ಟಿನ ತಲೆಯಲ್ಲಿ ಆ ಗಂಡಿಯನ್ನು ಕೊರೆದೇ ಕಿಟಕಿಯನ್ನು ತರುತ್ತಾನೆ.