ಕಾಂಕ್ರೀಟ್ ನೆಲದಲ್ಲಿ ಹುದುಗಿದ ವಿದ್ಯುತ್ ಕೊಳವೆಗಳ ರಕ್ಷಣೆ ಮತ್ತು ದುರಸ್ತಿ: ಆನವಟ್ಟಿ ಸೀಮೆಯ ಹಿನ್ನೆಲೆಯಲ್ಲಿ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಆನವಟ್ಟಿಯು ಅರೆಮಲೆನಾಡಿನ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಇಲ್ಲಿನ ಮಣ್ಣು ನೀರು ಕುಡಿದು ನೆನೆದಿರುತ್ತದೆ. ಆ ತೇವವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ನೆಲಕ್ಕೂ ಏರುತ್ತದೆ. ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುವ ಈ ಸೀಮೆಯ ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಅಡಿಕೆ ಸುಲಿಯುವ ಶೆಡ್ಡುಗಳಲ್ಲಿ ಮೋಟಾರು ಗೋಡೆಯಿಂದ ದೂರವಿದ್ದಾಗ, ಸ್ಟಾರ್ಟರಿನಿಂದ ಹೊರಟ ವೈರುಗಳನ್ನು ಕಾಂಡ್ಯೂಟಿನಲ್ಲಿ, ಎಂದರೆ ವೈರನ್ನು ಪೆಟ್ಟಿನಿಂದ ಕಾಯುವ ಉಕ್ಕಿನ ಅಥವಾ ಪಿವಿಸಿ ಕೊಳವೆಯಲ್ಲಿ, ನೆಲದಡಿ ಒಯ್ಯುವುದುಂಟು. ಹೀಗೆ ಹುದುಗಿದ ಕೊಳವೆಯು ಮೊದಲು ಸೋಲುವುದು ಬಹುಮಟ್ಟಿಗೆ ಕಾಂಕ್ರೀಟನ್ನು ಬಿಟ್ಟು ಹೊರಬರುವ ತುದಿಗಳಲ್ಲಿ ಎಂಬುದನ್ನೂ, ಆದಕಾರಣ ನೆಲವನ್ನು ಉದ್ದಕ್ಕೂ ಒಡೆಯುವ ದುರಸ್ತಿ ಕೊನೆಯ ಉಪಾಯವಾಗಿರಬೇಕು ಎಂಬುದನ್ನೂ ಪ್ರಸ್ತುತ ಲೇಖನವು ಪ್ರತಿಪಾದಿಸುತ್ತದೆ.

ಒಳ್ಳೆಯ ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರಿನ ಪಿಎಚ್ ಮೌಲ್ಯ 12ರಿಂದ 13ರ ಆಸುಪಾಸಿನಲ್ಲಿದ್ದು, ಅಷ್ಟು ಕ್ಷಾರದಲ್ಲಿ ಉಕ್ಕಿನ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಕ್ಷಾರವನ್ನು ಕುಂದಿಸುವ ಕಾರ್ಬೊನೀಕರಣದಿಂದಲೋ ಕ್ಲೋರೈಡ್ ಲವಣದಿಂದಲೋ ಈ ಪೊರೆ ಹರಿಯುತ್ತದೆ. ದನದ ಗಂಜಲದಲ್ಲಿಯೂ ಪೊಟ್ಯಾಷ್ ಗೊಬ್ಬರದಲ್ಲಿಯೂ ಕ್ಲೋರೈಡ್ ಇರುವುದರಿಂದ ಕೊಟ್ಟಿಗೆ ಮತ್ತು ಗೊಬ್ಬರದ ಕೋಣೆಗಳಿಗೆ ಉಕ್ಕಿನ ಕೊಳವೆ ತಕ್ಕುದಲ್ಲ. ಇದಕ್ಕಿಂತ ಗಂಭೀರವಾದದ್ದು, ಒಂದೇ ಕೊಳವೆಯ ಒಂದು ಭಾಗ ಕಾಂಕ್ರೀಟಿನಲ್ಲಿಯೂ ಇನ್ನೊಂದು ಭಾಗ ಒದ್ದೆ ಮಣ್ಣಿನಲ್ಲಿಯೂ ಇರುವ ಸ್ಥಿತಿ. ಆಗ ಎರಡು ಭಾಗಗಳ ನಡುವೆ ವಿದ್ಯುತ್ ವಿಭವದ ವ್ಯತ್ಯಾಸ ಹುಟ್ಟಿ, ಮಣ್ಣಿನೊಳಗಿನ ಉಕ್ಕು ಆನೋಡ್ ಆಗಿ, ಎಂದರೆ ಕರಗುವ ಧ್ರುವವಾಗಿ, ಬೇಗನೆ ಸವೆಯುತ್ತದೆ. ತೆಳುವಾದ ಬೆಡ್ ಕಾಂಕ್ರೀಟಿನಲ್ಲಿ ಕೊಳವೆ ಕೆಳಕ್ಕೆ ಜಾರಿ ಮಣ್ಣನ್ನು ಮುಟ್ಟಿದರೂ ಇದೇ ಗತಿ. ಸತುವಿನ ಲೇಪವು ಇದನ್ನು ತಡಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟೂ ಸೀಳುತ್ತದೆ. ಪಿವಿಸಿಗೆ ತುಕ್ಕಿನ ಭಯವಿಲ್ಲವಾದರೂ, ನೆಲದಿಂದ ಮೇಲೆದ್ದ ಅದರ ಗೇಣುದ್ದದ ತುಂಡು ಎಳೆದೊಯ್ಯುವ ಚೀಲಕ್ಕೋ ಕೈಗಾಡಿಯ ಚಕ್ರಕ್ಕೋ ಸಿಕ್ಕಿ ನೆಲದ ಮಟ್ಟಕ್ಕೇ ಮುರಿಯುತ್ತದೆ.

ರಕ್ಷಣೆಯ ಕೆಲಸ ಕಾಂಕ್ರೀಟ್ ಸುರಿಯುವ ಮೊದಲೇ ಮುಗಿದಿರಬೇಕು. ಭಾರತೀಯ ಮಾನಕ ಐಎಸ್ 9537ರ ಎರಡನೆಯ ಭಾಗ ಉಕ್ಕಿನ ಕೊಳವೆಗಳಿಗೂ ಮೂರನೆಯ ಭಾಗ ಪಿವಿಸಿಯಂತಹ ಅವಾಹಕ ಕೊಳವೆಗಳಿಗೂ ಸಂಬಂಧಿಸಿವೆ. ಕೊಳವೆಯ ಹೊರವ್ಯಾಸವು ಸ್ಲ್ಯಾಬಿನ ದಪ್ಪದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬ, ಅಮೆರಿಕನ್ ಕಾಂಕ್ರೀಟ್ ಸಂಸ್ಥೆಯ ಹಿಂದಿನ ಸಂಹಿತೆಯಲ್ಲಿದ್ದ ನಿಯಮದ ಪ್ರಕಾರ 100 ಮಿ.ಮೀ. ನೆಲಕ್ಕೆ 25 ಮಿ.ಮೀ. ಕೊಳವೆ ಸಲ್ಲುತ್ತದೆ. ಬಾಯಿಗೆ ಕಾಗದ ತುರುಕದೆ ಮುಚ್ಚಳ ಹಾಕುವುದು, ಒಳಗೆ ಜಿ.ಐ. ಎಳೆತಂತಿ ಬಿಡುವುದು, ಮೇಲೆದ್ದ ತುದಿಗೆ ದಪ್ಪನೆಯ ತೋಳುಕೊಳವೆ ತೊಡಿಸಿ ಸುತ್ತಲೂ ಚಿಕ್ಕ ಕಾಂಕ್ರೀಟ್ ಕಟ್ಟೆ ಕಟ್ಟುವುದು ಅಗ್ಗದ ಕೆಲಸಗಳು. ಉಕ್ಕಿನದಾದರೆ ನೆಲದ ಮಟ್ಟದ ಮೇಲೂ ಕೆಳಗೂ ತುಕ್ಕುನಿರೋಧಕ ಟೇಪನ್ನು ಬಿಗಿಯಾಗಿ ಸುತ್ತಬೇಕು.

ದುರಸ್ತಿಯು ಮೇನ್ ಸ್ವಿಚ್ ಆಫ್ ಮಾಡಿ, ವೈರುಗಳನ್ನು ಎರಡೂ ತುದಿಯಲ್ಲಿ ಬಿಡಿಸಿ, 500 ವೋಲ್ಟ್ ಮೆಗ್ಗರ್‌ನಿಂದ ಅವಾಹಕ ಪ್ರತಿರೋಧವನ್ನು ಅಳೆಯುವುದರಿಂದ ಆರಂಭವಾಗಬೇಕು. ಅಳತೆ ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ವೈರಿನ ಹೊದಿಕೆ ಕೆಟ್ಟಿದೆಯೆಂದೋ ನೀರು ಸೇರಿದೆಯೆಂದೋ ತಿಳಿಯಬೇಕು. ವೈರನ್ನು ಹೊರಗೆಳೆದು, ಗಾಳಿ ಊದಿ ನೀರು ತೆಗೆದು, ವೈರು ಎಳೆಯುವ ಸ್ಪ್ರಿಂಗ್ ತೂರಿಸಿ ನೋಡಿದಾಗ ಅದು ಆಚೆ ತುದಿಗೆ ಬಂದರೆ, ನೆಲವನ್ನು ಮುಟ್ಟದೆಯೇ ಹೊಸ ವೈರು ಎಳೆಯಬಹುದು. ತುದಿ ಮುರಿದಿದ್ದರೆ, ಒಳಗೆ ವೈರು ಇಲ್ಲವೆಂದು ಖಚಿತಪಡಿಸಿಕೊಂಡು, ಕೊಳವೆಯ ಸುತ್ತ ಬಟ್ಟಲಿನಾಕಾರದಲ್ಲಿ ಕಾಂಕ್ರೀಟನ್ನು ಉಳಿಯಿಂದ ಬಿಡಿಸಿ, ಗಟ್ಟಿ ಭಾಗ ಸಿಕ್ಕಲ್ಲಿ ನೇರವಾಗಿ ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ಕಪ್ಲರ್ ಕೂಡಿಸಬೇಕು. ಗುಂಡಿಯನ್ನು ಕುಗ್ಗದ ಸಿಮೆಂಟ್ ಗ್ರೌಟಿನಿಂದ ತುಂಬಬೇಕು; ತೇವದ ನೆಲದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವುದು ತಪ್ಪು. ಸ್ಪ್ರಿಂಗ್ ನಡುವೆ ಸಿಕ್ಕಿಬಿದ್ದರೂ ಎಷ್ಟು ಉದ್ದ ಒಳಹೋಯಿತೆಂದು ಅಳೆದು ಅಲ್ಲಿ ಮಾತ್ರ ಒಡೆಯಬಹುದು.

ಹಳೆಯ ವೈರಿಂಗಿನಲ್ಲಿ ಉಕ್ಕಿನ ಕೊಳವೆಯನ್ನೇ ಅರ್ತಿಂಗ್ ಹಾದಿಯಾಗಿ ನಂಬಿರುವುದು ಎಲ್ಲಕ್ಕಿಂತ ಅಪಾಯಕಾರಿ. ಕೊಳವೆ ನಡುವೆ ತುಕ್ಕು ತಿಂದು ತುಂಡಾಗಿದ್ದರೂ ಮೋಟಾರು ಎಂದಿನಂತೆ ತಿರುಗುತ್ತಲೇ ಇರುತ್ತದೆ; ಸೋರಿಕೆಯಾದ ದಿನ ಅದರ ಲೋಹದ ಮೈ ಮುಟ್ಟಿದವರು ಶಾಕಿಗೆ ಗುರಿಯಾಗುತ್ತಾರೆ. ಆದ್ದರಿಂದ ಪ್ರತಿ ದುರಸ್ತಿಯಲ್ಲೂ ಹಸಿರು ಅರ್ತ್ ವೈರನ್ನು ಪ್ರತ್ಯೇಕವಾಗಿ ಎಳೆಯಲೇಬೇಕು ಮತ್ತು ಮನೆಗಳ ಸಾಕೆಟ್ ಸಾಲುಗಳಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು, ಎಂದರೆ ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸ್ವಿಚ್ಚನ್ನು, ಅಳವಡಿಸಬೇಕು. ನೆಲದ ಕೊಳವೆಯ ತಗ್ಗಿನಲ್ಲಿ ನೀರು ನಿಲ್ಲುವುದು ಸಹಜವಾದ್ದರಿಂದ ಒಂಟಿ ಹೊದಿಕೆಯ ಮನೆವೈರಿಗಿಂತ ಎರಡು ಹೊದಿಕೆಯ ಕೇಬಲ್ ಮೇಲು.

ಹೊಸದಾಗಿ ನೆಲ ಹಾಕಿಸುವವರು ಕಾಂಕ್ರೀಟ್ ಬೀಳುವ ಮುನ್ನ ಕೊಳವೆಗಳ ಜಾಡಿನ ಫೋಟೊ ತೆಗೆದು, ಗೋಡೆಯಿಂದ ಅವುಗಳ ದೂರವನ್ನು ಬರೆದು, ಆ ಹಾಳೆಯ ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಳಿ ಇರಿಸಬೇಕು.